ಬ್ಯಾಗಿನಲ್ಲಿ ಕಾಣದ ಹೊರೆ



ಇವತ್ತು ಪ್ರಾಥಮಿಕ ಶಾಲೆಯ ಮಕ್ಕಳ ಮನಸ್ಸಿನ ಬಗ್ಗೆ ನಾಲ್ಕು ಮಾತು. ಆರು ವರ್ಷದಿಂದ ಹತ್ತು, ಹನ್ನೊಂದು ವರ್ಷದವರೆಗಿನ ಮಕ್ಕಳು. ದಿಲ್ಲಿ, ಗುರುಗ್ರಾಮ, ನೋಯ್ಡಾ, ಗಾಜಿಯಾಬಾದ್, ಫರಿದಾಬಾದ್ ಕಡೆ ಬೆಳೆಯುತ್ತಿರುವ ಮಕ್ಕಳು. ನಮ್ಮ ಕನ್ನಡ ಮನೆಗಳ ಮಕ್ಕಳೂ ಅವರಲ್ಲಿದ್ದಾರೆ.

ಮಾತು ಶುರು ಮಾಡುವ ಮೊದಲು ಮೈಸೂರಿನ ಒಬ್ಬ ಹಿರಿಯರನ್ನು ನೆನೆಯಬೇಕು. ಕಾದಂಬರಿಕಾರ ಆರ್. ಕೆ. ನಾರಾಯಣ್. 1986ರಲ್ಲಿ ಅವರನ್ನು ರಾಜ್ಯಸಭೆಗೆ ನಾಮನಿರ್ದೇಶನ ಮಾಡಿದರು. ಮೊದಲ ಮೂರು ವರ್ಷ ಅವರು ಸದನದಲ್ಲಿ ಭಾಷಣ ಮಾಡಲಿಲ್ಲ. 1989ರಲ್ಲಿ ಎದ್ದು ನಿಂತರು. ದೊಡ್ಡ ಲೇಖಕರು, ಸಾಹಿತ್ಯದ ವಿಷಯ ಎತ್ತುತ್ತಾರೆ ಎಂದು ಎಲ್ಲರೂ ಕಾದಿರಬೇಕು. ಅವರು ಎತ್ತಿದ್ದು ಶಾಲೆಯ ಮಕ್ಕಳ ಬೆನ್ನಿನ ಮೇಲಿನ ಬ್ಯಾಗಿನ ವಿಷಯ. ಆ ಭಾರ ಹೊತ್ತು ಮಕ್ಕಳ ಬೆನ್ನು ಬಾಗುತ್ತಿದೆ, ಕೈ ಮುಂದಕ್ಕೆ ಜೋತು ಚಿಂಪಾಂಜಿಗಳ ಹಾಗೆ ನಡೆಯುತ್ತಿವೆ ಎಂದರು. ಬ್ಯಾಗನ್ನೇ ತೆಗೆದುಹಾಕಿ ಎಂದು ಕೇಳಿದರು.

ಆ ಭಾಷಣ ಗಾಳಿಗೆ ಹೋಗಲಿಲ್ಲ. 1992ರಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ವಿಜ್ಞಾನಿ ಯಶ್ ಪಾಲ್ ಅದರ ಅಧ್ಯಕ್ಷರು. ಮರುವರ್ಷವೇ ವರದಿ ಬಂತು. ಹೊರೆಯಿಲ್ಲದ ಕಲಿಕೆ ಎಂಬುದು ಅದರ ಹೆಸರಿನ ಅರ್ಥ. ಬ್ಯಾಗ್ ಎಷ್ಟು ಕಿಲೋ ಎಂದು ಹೇಳಿ ಸಮಿತಿ ಸುಮ್ಮನಾಗಲಿಲ್ಲ. ಬ್ಯಾಗಿನ ತೂಕಕ್ಕಿಂತ ಹೆಚ್ಚು ಕೇಡು ಮಾಡುವುದು ಅರ್ಥವಾಗದಿರುವಿಕೆಯ ಹೊರೆ ಎಂದಿತು. ಎದುರಿಗೆ ನಡೆಯುತ್ತಿರುವುದು ಏನೆಂದು ಮಗುವಿಗೆ ತಿಳಿಯದು. ತಿಳಿದವರ ಹಾಗೆ ಕೂರಬೇಕು. ದಿನಕ್ಕೆ ಐದಾರು ಗಂಟೆ.

ನಾನು ಇವತ್ತು ಮಾತಾಡುವುದು ಈ ಕಾಣದ ಹೊರೆಯ ಬಗ್ಗೆ. ಬ್ಯಾಗನ್ನು ತಕ್ಕಡಿಗೆ ಹಾಕಬಹುದು. ಒಂದು, ಎರಡನೇ ತರಗತಿಗೆ ಒಂದೂವರೆ ಕಿಲೋ ಸಾಕು, ಮನೆಪಾಠ ಬೇಡ ಎಂದು 2018ರಲ್ಲಿ ಕೇಂದ್ರ ಸರ್ಕಾರ ಸುತ್ತೋಲೆ ಕಳಿಸಿತು. ಇನ್ನೊಂದು ಹೊರೆಗೆ ಸುತ್ತೋಲೆ ಬರೆಯುವುದು ಕಷ್ಟ. ಆ ಹೊರೆಯ ಹೆಸರು ಭಯ.

ಭಯ ಎಂದೆ. ಯಾವ ಭಯ? ಮೊದಲು ಎಲ್ಲರಿಗೂ ಗೊತ್ತಿರುವುದನ್ನು ನೋಡೋಣ. ಏಟಿನ ಭಯ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಾವು ಎಷ್ಟು ಸಲ ಬೆತ್ತದ ಪರವಾಗಿ ಸಾಕ್ಷಿಗೆ ಕರೆದಿದ್ದೇವೆ! ಉತ್ತರ ಭಾರತದಲ್ಲಿ ಬೆತ್ತ ಇಲ್ಲದಿದ್ದರೆ ಮುರ್ಗಾ ಶಿಕ್ಷೆ. ಬಗ್ಗಿ, ಕಾಲುಗಳ ಹಿಂದಿನಿಂದ ಕೈ ತೂರಿಸಿ, ಕಿವಿ ಹಿಡಿದು ನಿಲ್ಲಬೇಕು. ಇಡೀ ತರಗತಿ ನಗುತ್ತದೆ. ದಿಲ್ಲಿಯ ಶಾಲಾ ಶಿಕ್ಷಣ ನಿಯಮಗಳಲ್ಲಿ ದೈಹಿಕ ಶಿಕ್ಷೆಗೆ ಅವಕಾಶವೇ ಇತ್ತು. ಪೋಷಕರ ಒಂದು ವೇದಿಕೆ ಹೈಕೋರ್ಟಿಗೆ ಹೋಯಿತು. 2000ದ ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟು ಆ ನಿಯಮವನ್ನು ರದ್ದು ಮಾಡಿತು. ಮುಂದೆ ಶಿಕ್ಷಣ ಹಕ್ಕು ಕಾಯಿದೆ ಬಂತು. 2009ರ ಕಾಯಿದೆ, 2010ರ ಏಪ್ರಿಲ್ ಒಂದರಿಂದ ಜಾರಿ. ಅದರ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನು ನಿಷೇಧಿಸಿತು. ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 29ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತವಾಗಿಡಬೇಕು, ಅದು ತನ್ನ ಮಾತನ್ನು ಧೈರ್ಯವಾಗಿ ಆಡಲು ನೆರವಾಗಬೇಕು ಎನ್ನುತ್ತದೆ. ಇದು ಯಾವುದೋ ಶಿಕ್ಷಣ ತಜ್ಞರ ಹಾರೈಕೆ ಅಲ್ಲ. ಪಾರ್ಲಿಮೆಂಟು ಮಾಡಿದ ಕಾನೂನು. ಎಷ್ಟೋ ಶಿಕ್ಷಕರಿಗೆ 17ನೇ ಸೆಕ್ಷನ್ ಗೊತ್ತು, ಏಕೆಂದರೆ ಅದರಲ್ಲಿ ಶಿಸ್ತುಕ್ರಮ ಇದೆ. 29 ಗೊತ್ತಿರುವವರು ನನಗೆ ಸಿಕ್ಕಿದ್ದು ಕಡಿಮೆ.

ಬೆತ್ತ ಹೋಯಿತು ಎಂದೇ ಇಟ್ಟುಕೊಳ್ಳೋಣ. ಎಲ್ಲ ಕಡೆ ಹೋಗಿಲ್ಲ, ಆದರೂ ಇಟ್ಟುಕೊಳ್ಳೋಣ. ಬಾಯಿಯ ಏಟು ಉಳಿದಿದೆ. "ನಿನ್ನ ತಂಗಿಯನ್ನು ನೋಡಿ ಕಲಿ." "ನಿನಗೆ ಇದೂ ಬರಲ್ವಾ?" ಎರಡನೇ ತರಗತಿಯ ಮಗು ಈ ಮಾತನ್ನು ಮನೆಗೆ ತಂದು ಹೇಳುವುದಿಲ್ಲ. ಮರುದಿನ ಬೆಳಿಗ್ಗೆ ಅದಕ್ಕೆ ಹೊಟ್ಟೆ ನೋಯುತ್ತದೆ, ಅಷ್ಟೆ.

ಕೇಳುಗರೇ, ಇಷ್ಟು ಹೊತ್ತು ಶಾಲೆಯ ಒಳಗಿನ ಭಯದ ಮಾತಾಯಿತು. ಈ ರಾಜಧಾನಿ ಪ್ರದೇಶದ ಮಗುವಿಗೆ ಹೊರಗಿನಿಂದ ಬರುವ ಭಯಗಳೂ ಇವೆ. ಅವನ್ನು ಈಗ ನೋಡೋಣ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದವು. ದಿಲ್ಲಿಯ ಚಿಕ್ಕ ತರಗತಿಗಳು 2021ರ ನವೆಂಬರಿನಲ್ಲಿ ತೆರೆದವು. ಎರಡು ವಾರಕ್ಕೇ ಹೊಗೆಯಿಂದಾಗಿ ಮತ್ತೆ ಮುಚ್ಚಿದವು. ಆಮೇಲೆ ಓಮಿಕ್ರಾನ್. ಕೊನೆಗೆ ಬಾಗಿಲು ತೆರೆದದ್ದು 2022ರ ಫೆಬ್ರುವರಿ ಮಧ್ಯದಲ್ಲಿ. ಲೆಕ್ಕ ಹಾಕಿ. 2020ರ ಏಪ್ರಿಲಿನಲ್ಲಿ ಒಂದನೇ ತರಗತಿಗೆ ಸೇರಿದ ಮಗು ನೆಟ್ಟಗೆ ಬೆಂಚಿನ ಮೇಲೆ ಕೂತದ್ದು ಎರಡನೇ ತರಗತಿ ಮುಗಿಯುವ ಹೊತ್ತಿಗೆ. ಸಾಲಿನಲ್ಲಿ ನಿಲ್ಲುವುದು, ಟಿಫಿನ್ ಹಂಚಿಕೊಳ್ಳುವುದು, ಜಗಳವಾಡಿ ಮತ್ತೆ ರಾಜಿಯಾಗುವುದು, ಇವನ್ನೆಲ್ಲ ಕಲಿಯುವ ವಯಸ್ಸು ಒಂದು ಫೋನಿನ ಮುಂದೆ ಕಳೆಯಿತು. ಆ ಫೋನೂ ಎಷ್ಟೋ ಮನೆಯಲ್ಲಿ ಅಪ್ಪನ ಜೊತೆ ಕೆಲಸಕ್ಕೆ ಹೋಗಿಬಿಡುತ್ತಿತ್ತು.

ಕೋವಿಡ್ ಹೋಯಿತು. ಹೊಗೆ ಹೋಗಲಿಲ್ಲ. ದೀಪಾವಳಿ ಕಳೆದು ಗಾಳಿ ಕೆಟ್ಟಾಗ ಮೊದಲು ಮನೆಗೆ ಕಳಿಸುವುದು ಐದನೇ ತರಗತಿವರೆಗಿನ ಮಕ್ಕಳನ್ನು. 2024ರ ನವೆಂಬರಿನಲ್ಲಿ ದಿಲ್ಲಿಯ ಶಾಲೆಗಳೆಲ್ಲ ಆನ್‌ಲೈನಿಗೆ ಹೋದವು. ಪುಟ್ಟ ಶ್ವಾಸಕೋಶ ಕಾಪಾಡಬೇಕು, ಆ ತೀರ್ಮಾನದ ಮೇಲೆ ನನ್ನ ತಕರಾರು ಇಲ್ಲ. ಆದರೆ ಆ ಮಕ್ಕಳ ದಿನ ಹೇಗಿರುತ್ತದೆ ಎಂದು ಯೋಚಿಸಿ. ಕಿಟಕಿ ಮುಚ್ಚಿದೆ. ಪಾರ್ಕಿಗೆ ಹೋಗುವ ಹಾಗಿಲ್ಲ. ಗೆಳೆಯರು ಪರದೆಯ ಮೇಲೆ ಚಿಕ್ಕ ಚೌಕಗಳಲ್ಲಿ. ಹೊರಗಿನ ಗಾಳಿಯೇ ವಿಷ ಎಂದು ದೊಡ್ಡವರು ದಿನವಿಡೀ ಹೇಳುತ್ತಿದ್ದಾರೆ. ಏಳು ವರ್ಷದ ಮಗು ಇದನ್ನು ಅಂಕಿಯಾಗಿ ಕೇಳುವುದಿಲ್ಲ. ತನ್ನ ಮೇಲಿನ ಬೆದರಿಕೆಯಾಗಿ ಕೇಳುತ್ತದೆ.

ಇನ್ನು 2024ರ ಮೇ ಒಂದನೇ ತಾರೀಖು. ದಿಲ್ಲಿ, ನೋಯ್ಡಾ, ಗುರುಗ್ರಾಮದ ನೂರಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಹುಸಿ ಬೆದರಿಕೆ. ಎಲ್ಲೂ ಏನೂ ಸಿಗಲಿಲ್ಲ. ಆದರೆ ಆ ಬೆಳಿಗ್ಗೆ ಅಪ್ಪ ಅಮ್ಮಂದಿರು ಆಫೀಸು ಬಿಟ್ಟು ಶಾಲೆಯ ಗೇಟಿಗೆ ಓಡಿದರು. ಮಕ್ಕಳನ್ನು ಎಳೆದುಕೊಂಡು ಮನೆಗೆ ಬಂದರು. ಆಮೇಲೂ ಇಂಥ ಇ-ಮೇಲ್‌ಗಳು ಬರುತ್ತಲೇ ಇವೆ. ಮನೆಗೆ ಬಂದ ಮೇಲೆ ಆ ಮಕ್ಕಳ ಜೊತೆ ಎಷ್ಟು ಜನ ಕೂತು ಮಾತಾಡಿದರು? ಹೆಚ್ಚಿನವರು ಟಿವಿ ಹಾಕಿದರು. ಟಿವಿಯಲ್ಲಿ ಅದೇ ಶಾಲೆ, ಅದೇ ಗೇಟು, ಕೆಂಪು ಅಕ್ಷರ, ಕಿರುಚುವ ದನಿ.

ಹೀಗೆ ಶಾಲೆಯ ಒಳಗೂ ಹೊರಗೂ ಭಯ ಇದೆ ಎಂದಾಯಿತು. ಶಾಲೆ ಇದಕ್ಕೆ ಏನು ಮಾಡಬಹುದು? ದಿಲ್ಲಿಯಲ್ಲಿ ಒಂದು ಪ್ರಯೋಗ ನಡೆಯಿತು. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2018ರ ಜುಲೈ 2. ದಿಲ್ಲಿಯ ತ್ಯಾಗರಾಜ ಸ್ಟೇಡಿಯಂ. ದಲೈ ಲಾಮಾ ಬಂದಿದ್ದರು. ದಿಲ್ಲಿ ಸರ್ಕಾರ ತನ್ನ ಶಾಲೆಗಳಲ್ಲಿ ಹ್ಯಾಪಿನೆಸ್ ಕರಿಕ್ಯುಲಂ ಎಂಬ ಹೊಸ ಪಠ್ಯಕ್ರಮ ಆರಂಭಿಸಿತು. ಮನೀಶ್ ಸಿಸೋಡಿಯಾ ಆಗ ಶಿಕ್ಷಣ ಮಂತ್ರಿ. ನರ್ಸರಿಯಿಂದ ಎಂಟನೇ ತರಗತಿವರೆಗೆ. ಸುಮಾರು 1000 ಶಾಲೆ, ಸುಮಾರು 8 ಲಕ್ಷ ಮಕ್ಕಳು. ಒಂದನೇ ತರಗತಿಯಿಂದ ಮೇಲಿನವರಿಗೆ ದಿನಕ್ಕೆ ಒಂದು ಪೀರಿಯಡ್. ಪಠ್ಯಪುಸ್ತಕ ಇಲ್ಲ. ಮನೆಪಾಠ ಇಲ್ಲ. ಪರೀಕ್ಷೆ ಇಲ್ಲ, ಅಂಕ ಇಲ್ಲ.

ಆ ಪೀರಿಯಡ್ ಹೇಗಿತ್ತು? ಕೇಳಿ. ಮೊದಲ ಕೆಲವು ನಿಮಿಷ ಎಲ್ಲರೂ ಸುಮ್ಮನೆ ಕೂರುತ್ತಾರೆ. ಕಣ್ಣು ಮುಚ್ಚಬಹುದು, ಮುಚ್ಚದಿದ್ದರೂ ಸರಿ. ಸುತ್ತಲಿನ ಶಬ್ದಗಳಿಗೆ ಕಿವಿ ಕೊಡಿ ಎನ್ನುತ್ತಾರೆ ಟೀಚರ್. ಫ್ಯಾನಿನ ಕಿರ್ ಕಿರ್. ಪಕ್ಕದ ತರಗತಿಯ ಮಗ್ಗಿ. ರಸ್ತೆಯಲ್ಲಿ ಹಳೇ ಸಾಮಾನು ಕೊಳ್ಳುವವನ ಕೂಗು. ಮೊದಲ ವಾರ ಮಕ್ಕಳು ಒಂದು ಕಣ್ಣು ತೆರೆದು ಪಕ್ಕದವರನ್ನು ನೋಡಿ ಕಿಸಕ್ಕೆಂದು ನಗುತ್ತಾರೆ. ನಗಲಿ ಬಿಡಿ. ಆಮೇಲೆ ಒಂದು ಕಥೆ, ಅಥವಾ ಒಂದು ಚಟುವಟಿಕೆ. ಕೊನೆಗೆ ಮತ್ತೆ ಒಂದೆರಡು ನಿಮಿಷ ಮೌನ. ವಾರದ ಮೊದಲ ದಿನ ಈ ಗಮನದ ಅಭ್ಯಾಸಕ್ಕೇ ಮೀಸಲು. ಮುಂದೆ ಕಥೆ, ಚಟುವಟಿಕೆ. ಶನಿವಾರ ಮಕ್ಕಳು ತಮ್ಮ ಮನಸ್ಸಿಗೆ ಬಂದದ್ದನ್ನು ಹೇಳುವ ದಿನ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಕಥೆಯ ಪಾಠ. ಕಥೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮೊದಲ ದಿನ ಟೀಚರ್ ಕಥೆ ಹೇಳುತ್ತಾರೆ, ಕೆಲವು ಪ್ರಶ್ನೆ ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಹೀಗೆ ಯಾವಾಗಾದರೂ ಆಗಿತ್ತಾ? ಆಗ ನಿಮಗೆ ಹೇಗೆನಿಸಿತು? ಶಿಕ್ಷಕರ ಕೈಪಿಡಿಯಲ್ಲಿ ಪ್ರಶ್ನೆಗಳಾದ ಮೇಲೆ ಒಂದು ಭಾಗ ಇದೆ. ಘರ್ ಜಾಕರ್ ದೇಖೋ, ಪೂಛೋ, ಸಮ್‌ಝೋ. ಮನೆಗೆ ಹೋಗಿ ನೋಡಿ, ಕೇಳಿ, ತಿಳಿಯಿರಿ. ಮಗು ಆ ಕಥೆಯನ್ನು ಮನೆಯಲ್ಲಿ ಹೇಳುತ್ತದೆ. ಈ-ರಿಕ್ಷಾ ಓಡಿಸಿ ಬಂದ ಅಪ್ಪನನ್ನು ಕೇಳುತ್ತದೆ: ಅಪ್ಪಾ, ನಿನಗೆ ಯಾರಾದರೂ ಸಹಾಯ ಮಾಡಿದ್ದು ನೆನಪಿದೆಯಾ? ಮರುದಿನ ಆ ಉತ್ತರವನ್ನು ತರಗತಿಗೆ ತರುತ್ತದೆ. ಅಂದರೆ ಅಪ್ಪನ ಬಾಳಿಗೂ ತರಗತಿಯಲ್ಲಿ ಒಂದು ಜಾಗ ಸಿಗುತ್ತದೆ. ಇಂಗ್ಲಿಷ್ ಪಾಠಕ್ಕೆ ಆ ಅಪ್ಪ ಏನೂ ಕೊಡಲಾರರು. ಈ ಪಾಠಕ್ಕೆ ಕೊಡಬಲ್ಲರು.

ಕಥೆಯ ನೀತಿಯನ್ನು ಟೀಚರ್ ಬಾಯಿಬಿಟ್ಟು ಹೇಳಬಾರದು. ಯಾವ ಉತ್ತರವನ್ನೂ ಸರಿ, ತಪ್ಪು ಎನ್ನಬಾರದು. ಶಿಕ್ಷಕರಿಗೆ ಇದು ಎಷ್ಟು ಕಷ್ಟ ಎಂದು ತರಗತಿಯಲ್ಲಿ ನಿಂತವರಿಗೆ ಗೊತ್ತು. "ನಾನು ಪೆನ್ಸಿಲ್ ಕದ್ದೆ, ನನಗೆ ಖುಷಿಯಾಯ್ತು" ಎಂದು ಮಗು ಹೇಳುತ್ತದೆ. ನಾಲಿಗೆಯ ತುದಿಗೆ ಬಂದ ಉಪದೇಶವನ್ನು ನುಂಗಬೇಕು. ಆಮೇಲೆ ಏನನ್ನಿಸಿತು ಎಂದು ಕೇಳಬೇಕು. ಪೆನ್ಸಿಲ್ ವಾಪಸು ಬರುವುದು ಆಗಲೇ.

ಇನ್ನೊಂದು ವಿಷಯ ನಮ್ಮವರಿಗೆ ಹೇಳಲೇಬೇಕು. ಈ ಪಠ್ಯಕ್ರಮದ ಬೆನ್ನೆಲುಬಾಗಿರುವ ವಿಚಾರ ಹಾಸನ ಜಿಲ್ಲೆಯಲ್ಲಿ ಹುಟ್ಟಿದ ಒಬ್ಬರದು. ಅವರು ಎ. ನಾಗರಾಜ್. ಮಧ್ಯಪ್ರದೇಶದ ಅಮರಕಂಟಕಕ್ಕೆ ಹೋಗಿ ಅಲ್ಲೇ ದಶಕಗಳ ಕಾಲ ನೆಲೆಸಿದರು. ಮಧ್ಯಸ್ಥ ದರ್ಶನ ಎಂಬ ಚಿಂತನೆಯನ್ನು ಹಿಂದಿಯಲ್ಲಿ ಬರೆದರು. 2016ರಲ್ಲಿ ತೀರಿಕೊಂಡರು. ಸುಖವನ್ನು ಮೂರು ನೆಲೆಯಲ್ಲಿ ನೋಡುವ ಅವರ ವಿಚಾರವನ್ನು ದಿಲ್ಲಿ ತೆಗೆದುಕೊಂಡಿತು. ಐಸ್‌ಕ್ರೀಂ ತಿಂದಾಗಿನ ಸುಖ ನಾಲಿಗೆಯ ಮೇಲೆ ಕರಗಿಹೋಗುತ್ತದೆ. ಜೊತೆಯವರ ಪ್ರೀತಿ, ನಂಬಿಕೆಯಿಂದ ಬರುವ ಸುಖ ಹೆಚ್ಚು ಹೊತ್ತು ಇರುತ್ತದೆ. ಒಂದು ವಿಷಯ ಅರ್ಥವಾದಾಗಿನ ಸುಖ ಅದಕ್ಕಿಂತಲೂ ಗಟ್ಟಿ. ಅವರ ದರ್ಶನವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಆದರೆ ಕೊನೆಯ ಮಾತು ಯಶ್ ಪಾಲ್ ವರದಿಯ ಪಕ್ಕದಲ್ಲೇ ಬಂದು ನಿಲ್ಲುತ್ತದೆ, ಗಮನಿಸಿದಿರಾ? ಅರ್ಥವಾಗದ್ದು ಹೊರೆ ಎಂದರು ಒಬ್ಬರು. ಅರ್ಥವಾದದ್ದು ಸುಖ ಎಂದರು ಇನ್ನೊಬ್ಬರು. ಪಠ್ಯ ರೂಪಿಸಲು ನೆರವಾದ ಸಂಸ್ಥೆಗಳಲ್ಲೂ ಒಂದು ಬೆಂಗಳೂರಿನದು, ಡ್ರೀಮ್ ಎ ಡ್ರೀಮ್.

ಇಷ್ಟು ಹೇಳಿದ್ದು ಆ ಪ್ರಯೋಗದ ಒಳ್ಳೆಯ ಮುಖ. ಅದರ ಕುಂದುಗಳನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ.

2020ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಮೆಲಾನಿಯಾ ಟ್ರಂಪ್ ಒಂದು ಹ್ಯಾಪಿನೆಸ್ ತರಗತಿ ನೋಡಲು ಬಂದರು. ಮೋತಿ ಬಾಗಿನ ನಾನಕ್‌ಪುರದ ಸರ್ವೋದಯ ಶಾಲೆ. ನಮ್ಮ ದಿಲ್ಲಿ ಕರ್ನಾಟಕ ಸಂಘದಿಂದ ಹೆಚ್ಚು ದೂರವಿಲ್ಲ. ಆರತಿ, ತಿಲಕ, ಹಾಡು, ಕ್ಯಾಮೆರಾ. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದದ್ದು ದಿಲ್ಲಿಯ ಮುಖ್ಯಮಂತ್ರಿಯನ್ನು ಕರೆದರೋ ಬಿಟ್ಟರೋ ಎಂಬ ಜಗಳ. ಮಕ್ಕಳ ಖುಷಿಯೂ ರಾಜಕೀಯದ ಸಾಮಾನಾಯಿತು. 2025ರಲ್ಲಿ ದಿಲ್ಲಿಯ ಸರ್ಕಾರ ಬದಲಾಯಿತು. ಹಳೆಯ ಸರ್ಕಾರದ ಹೆಸರು ಅಂಟಿದ ಯೋಜನೆಗಳಿಗೆ ಎಲ್ಲ ಊರಲ್ಲೂ ಆಗುವುದು ಏನೆಂದು ನಿಮಗೆ ಹೇಳಬೇಕಾಗಿಲ್ಲ. ನನಗೆ ಆ ಹೆಸರಿನ ಮೇಲೆ ಮೋಹ ಇಲ್ಲ. ಖುಷಿಯಾಗಿರು ಎಂದು ಮಗುವಿಗೆ ಗಂಟೆ ಹೊಡೆದು ಹೇಳುವುದೂ ಒಂದು ಒತ್ತಡವೇ. ಮನೆಯಲ್ಲಿ ಅಜ್ಜಿ ತೀರಿಕೊಂಡಿರುವ ಮಗುವಿಗೆ ದುಃಖಪಡಲು ಒಂದು ಪೀರಿಯಡ್ ಬೇಕು. ಪೀರಿಯಡ್ ಉಳಿಯಲಿ, ಅಂಕ ಇಲ್ಲದ ಆ ಹೊತ್ತು ಉಳಿಯಲಿ. ಹೆಸರು ಏನಾದರೂ ಇಟ್ಟುಕೊಳ್ಳಲಿ.

ಲಾಭ ಆಗಿದೆಯೇ ಎಂದು ಅಳೆಯುವುದೂ ಸುಲಭವಲ್ಲ. ಅಮೆರಿಕದ ಬ್ರೂಕಿಂಗ್ಸ್ ಸಂಸ್ಥೆ ಡ್ರೀಮ್ ಎ ಡ್ರೀಮ್ ಜೊತೆ ಸೇರಿ ಇದಕ್ಕೆ ಅಳತೆಗೋಲು ರೂಪಿಸುವ ಕೆಲಸ ಮಾಡಿತು. 2020ರಲ್ಲಿ ವರದಿ ಬಂತು. ಮಗುವಿನ ಸಂಬಂಧಗಳು, ಪಾಲ್ಗೊಳ್ಳುವಿಕೆ, ತನ್ನನ್ನು ತಾನು ಅರಿಯುವುದು, ಇಂಥವನ್ನು ಹೇಗೆ ಅಳೆಯಬೇಕು ಎಂಬುದೇ ಅದರ ವಿಷಯ. ಅಳೆಯಲಿ, ತಪ್ಪಿಲ್ಲ. ಮಗುವಿಗೆ ಮಾತ್ರ ಅಂಕ ಕೊಡದಿದ್ದರೆ ಸಾಕು.

ಇನ್ನೂ ದೊಡ್ಡ ಕುಂದು ಬೇರೆ ಇದೆ. ಹೊರಗಿನವರಿಗೆ ಇದು ಗೊತ್ತಾಗುವುದಿಲ್ಲ. ದಿಲ್ಲಿಯಲ್ಲಿ ಬಡವರ ಮಕ್ಕಳ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಿನವು ದಿಲ್ಲಿ ಸರ್ಕಾರದವಲ್ಲ. ನಗರಪಾಲಿಕೆಯವು. ಜನ ಎಂಸಿಡಿ ಸ್ಕೂಲ್ ಎನ್ನುತ್ತಾರೆ. ಸುಮಾರು 1500 ಶಾಲೆಗಳು, ಐದನೇ ತರಗತಿವರೆಗೆ. ಹ್ಯಾಪಿನೆಸ್ ಪಠ್ಯ ಬಂದದ್ದು ದಿಲ್ಲಿ ಸರ್ಕಾರದ ಶಾಲೆಗಳಿಗೆ. ಅಂದರೆ ಒಂದೇ ಗಲ್ಲಿಯ ಅಣ್ಣ ಆರನೇ ತರಗತಿಯಲ್ಲಿ ಈ ಪೀರಿಯಡ್ ಅನುಭವಿಸಿದ. ಪಾಲಿಕೆ ಶಾಲೆಯ ಎರಡನೇ ತರಗತಿಯ ತಂಗಿಗೆ ಅದು ಸಿಗಲಿಲ್ಲ. ಅವಳ ವಯಸ್ಸಿಗೇ ಅದು ಹೆಚ್ಚು ಬೇಕಾಗಿತ್ತು.

ಶಿಕ್ಷಕರ ವಿಷಯಕ್ಕೂ ಬರೋಣ. ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎನ್ನುತ್ತದೆ ಕಾಯಿದೆ. ಅದೇ ಕಾಯಿದೆ ಜನಗಣತಿ, ಚುನಾವಣೆ, ವಿಪತ್ತಿನ ಕೆಲಸಕ್ಕೆ ಅವರನ್ನು ಕರೆಯಬಹುದು ಎಂದೂ ಹೇಳುತ್ತದೆ. ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗಿ ಬಂದ ಟೀಚರಿಗೆ ಮಗುವಿನ ಮುಖ ನೋಡಿ ಏನಾಯಿತು ಎಂದು ಕೇಳುವ ಚೈತನ್ಯ ಎಲ್ಲಿಂದ ಬರಬೇಕು? ಕೆಲವು ಶಾಲೆಗಳಲ್ಲಿ ಗಣಿತದವರು ಈ ಹ್ಯಾಪಿನೆಸ್ ಪೀರಿಯಡನ್ನು ಸಾಲ ಕೇಳುತ್ತಿದ್ದರು. ಸಾಲ ವಾಪಸು ಬರುತ್ತಿರಲಿಲ್ಲ.

ಸಲಹೆಗಾರರನ್ನು ನೇಮಿಸಿ ಎಂಬ ಪರಿಹಾರವೂ ಇದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕೌನ್ಸೆಲರ್ ಇರಬೇಕು ಎಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿತು. ಒಳ್ಳೆಯದೇ. ಆದರೆ ಎಂಟು ವರ್ಷದ ಮಗು ಎದ್ದು ಹೋಗಿ ಕೌನ್ಸೆಲರ್ ಕೋಣೆಯ ಬಾಗಿಲು ತಟ್ಟುವುದಿಲ್ಲ. ತನಗೆ ಬೇಸರ ಎಂದೂ ಅದಕ್ಕೆ ಹೆಸರಿಟ್ಟು ಹೇಳಲು ಬರುವುದಿಲ್ಲ. ಅದು ಪೆನ್ಸಿಲ್ ಮುರಿಯುತ್ತದೆ. ಪಕ್ಕದವನ ಕೂದಲು ಎಳೆಯುತ್ತದೆ. ಬಾತ್‌ರೂಮಿಗೆ ಪದೇ ಪದೇ ಹೋಗುತ್ತದೆ. ಇದನ್ನು ನೋಡುವುದು ತರಗತಿಯ ಟೀಚರ್. ಇಂದಿನ ನನ್ನ ಮಾತಿನ ತಿರುಳು ಇದೇ: ಪ್ರಾಥಮಿಕ ಶಾಲೆಯಲ್ಲಿ ಮಗುವಿನ ಮನಸ್ಸನ್ನು ಕಾಯುವವರು ತರಗತಿಯ ಟೀಚರೇ. ಅವರಿಗೆ ಸಮಯ ಕೊಡದ ಯಾವ ಯೋಜನೆಯೂ ನಿಲ್ಲುವುದಿಲ್ಲ.

ಕರ್ನಾಟಕದಲ್ಲಿ ನಾವು ಇದನ್ನು ಬೇರೆ ದಾರಿಯಿಂದ ಕಂಡಿದ್ದೇವೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್. ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಹುಟ್ಟಿತು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಟೀಚರ್ ಅವರ ಪಕ್ಕದಲ್ಲಿ ಕೂರುತ್ತಾರೆ. ಪ್ರತಿ ಮಗುವಿಗೂ ತನ್ನದೇ ಕಾರ್ಡು, ತನ್ನದೇ ವೇಗ. ಹಿಂದೆ ಬಿದ್ದೆ ಎಂಬ ನಾಚಿಕೆಗೆ ಅಲ್ಲಿ ಎಡೆ ಕಡಿಮೆ. ಅದನ್ನು ಮಾನಸಿಕ ಆರೋಗ್ಯದ ಯೋಜನೆ ಎಂದು ಯಾರೂ ಕರೆಯಲಿಲ್ಲ. ಮಗುವಿನ ಕಣ್ಣಿನ ಮಟ್ಟಕ್ಕೆ ಟೀಚರ್ ಇಳಿದು ಬಂದಾಗ ಅರ್ಧ ಭಯ ಹೋಗುತ್ತದೆ ಎಂದು ಅದು ತೋರಿಸಿತು.

ಕೇಳುಗರೇ, ಶಾಲೆಯ ಮಾತು, ಸರ್ಕಾರದ ಮಾತು ಆಯಿತು. ಈಗ ಮನೆಯ ಮಾತು. ಅದರಲ್ಲೂ ಕರ್ನಾಟಕದಿಂದ ಇಲ್ಲಿಗೆ ಬಂದ ಮನೆಗಳ ಮಾತು.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಿಂದ ವರ್ಗವಾಗಿ ಬರುತ್ತೀರಿ. ಗುರುಗ್ರಾಮದಲ್ಲೋ ನೋಯ್ಡಾದಲ್ಲೋ ಫ್ಲ್ಯಾಟು. ಮಗು ಮೂರನೇ ತರಗತಿ. ಊರಲ್ಲಿ ವಟವಟ ಮಾತಾಡುತ್ತಿದ್ದ ಮಗು ಇಲ್ಲಿ ಬಾಯಿ ಬಿಡುವುದಿಲ್ಲ. ತರಗತಿಯಲ್ಲಿ ಪಾಠ ಇಂಗ್ಲಿಷಿನಲ್ಲಿ ಇರಬಹುದು, ಆದರೆ ಜಗಳ, ತಮಾಷೆ, ಆಟ ಎಲ್ಲ ಹಿಂದಿಯಲ್ಲಿ. ಆಟದಲ್ಲಿ ಸೇರಲು ಪಾಠದ ಭಾಷೆ ಸಾಲದು. ಮಗು ತಿಂಗಳುಗಟ್ಟಲೆ ಕೇಳುತ್ತಲೇ ಇರುತ್ತದೆ. ಹೊಸ ಭಾಷೆಗೆ ಬಿದ್ದ ಮಕ್ಕಳಲ್ಲಿ ಇಂಥ ಮೌನ ಸಹಜ. ಇದನ್ನು ಮಂದಬುದ್ಧಿ ಎಂದು ಓದಿಕೊಳ್ಳುವುದು ಶಾಲೆಯ ಅವಸರ. ಆ ಅವಸರಕ್ಕೆ ಹೆದರಿ ಇನ್ನು ಮನೆಯಲ್ಲೂ ಹಿಂದಿಯೇ ಮಾತಾಡೋಣ ಎನ್ನುವುದು ನಮ್ಮ ಅವಸರ. ಹಾಗೆ ಮಾಡಬೇಡಿ. ದಿನವಿಡೀ ತಡವರಿಸಿ ಬಂದ ಮಗುವಿಗೆ ತಡವರಿಸದೆ ಮಾತಾಡುವ ಒಂದು ಜಾಗ ಬೇಕು. ಅದು ಮನೆಯ ಕನ್ನಡ. ದಿಲ್ಲಿಯಲ್ಲಿ ಕನ್ನಡಿಗರೇ ಕಟ್ಟಿದ ಶಾಲೆ ಇದೆ, ಲೋಧಿ ಎಸ್ಟೇಟಿನಲ್ಲಿ. ಕರ್ನಾಟಕ ಸಂಘ ಇದೆ. ವಾರಕ್ಕೊಮ್ಮೆ ತನ್ನ ವಯಸ್ಸಿನ ಇನ್ನೊಂದು ಕನ್ನಡದ ಮಗುವಿನ ಜೊತೆ ಓಡಾಡಿ, ಕಿತ್ತಾಡಿ ಬಂದರೂ ಸೋಮವಾರದ ಬೆಳಗು ಹಗುರವಾಗುತ್ತದೆ.

ಮನೆಯಲ್ಲಿ ಏನನ್ನು ಗಮನಿಸಬೇಕು? ಶಾಲೆ ಇರುವ ದಿನವೇ ಬರುವ ಹೊಟ್ಟೆನೋವು, ಭಾನುವಾರ ಸಂಜೆ ಶುರುವಾಗುವ ಅಳು. ಹಾಸಿಗೆ ಒದ್ದೆ ಮಾಡುವುದು ನಿಂತಿದ್ದ ಮಗು ಮತ್ತೆ ಮಾಡಿಕೊಳ್ಳುವುದು. ಟಿಫಿನ್ ಡಬ್ಬಿ ತುಂಬಿದ ಹಾಗೇ ವಾಪಸು ಬರುವುದು. ಗೆಳೆಯರ ಹೆಸರು ಮಾತಿನಿಂದ ಮಾಯವಾಗುವುದು. ಒಂದು ದಿನದ್ದಕ್ಕೆ ಗಾಬರಿ ಬೇಡ. ಎರಡು ಮೂರು ವಾರ ಮುಂದುವರಿದರೆ ಟೀಚರನ್ನು ಭೇಟಿಯಾಗಿ. ದೂರು ಹೇಳಲು ಹೋಗಬೇಡಿ, ಕೇಳಲು ಹೋಗಿ. ತರಗತಿಯಲ್ಲಿ ಯಾರ ಪಕ್ಕ ಕೂರುತ್ತಾಳೆ? ಆಟದ ಹೊತ್ತಿನಲ್ಲಿ ಎಲ್ಲಿರುತ್ತಾಳೆ?

ಮಗುವನ್ನು ಕೇಳುವಾಗಲೂ ಅಷ್ಟೆ. "ಇವತ್ತು ಶಾಲೆ ಹೇಗಿತ್ತು?" ಎಂದರೆ "ಚೆನ್ನಾಗಿತ್ತು" ಎಂಬ ಒಂದೇ ಉತ್ತರ. "ಇವತ್ತು ಯಾರಿಗೆ ಬೈಗುಳ ಬಿತ್ತು?" ಎಂದು ಕೇಳಿ ನೋಡಿ. ಬೇರೆಯವರ ಕಥೆ ಹೇಳುತ್ತಾ ಹೇಳುತ್ತಾ ಮಗು ತನ್ನ ಕಥೆಗೆ ಬರುತ್ತದೆ. ಆಗ "ಅಷ್ಟೇನಾ? ಇದಕ್ಕೆಲ್ಲ ಅಳ್ತಾರಾ?" ಎನ್ನಬೇಡಿ.

ಮನೆ, ಶಾಲೆ ಎರಡರಿಂದಲೂ ಆಗದಿದ್ದಾಗ ಸಹಾಯ ಕೇಳುವುದರಲ್ಲಿ ಸಂಕೋಚ ಬೇಡ. ಒಂದು ನಂಬರ್ ಬರೆದುಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು. ಇನ್ನೊಮ್ಮೆ ಹೇಳುತ್ತೇನೆ: 14416. ಇದು ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ್ದು. ಹಗಲು ರಾತ್ರಿ ಉಚಿತ. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲೂ ಮಾತಾಡಬಹುದು. ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ 1098, ಮಕ್ಕಳ ಸಹಾಯವಾಣಿ. ವೈದ್ಯರನ್ನೇ ಕಾಣಬೇಕೆಂದರೆ ಏಮ್ಸ್ ಇದೆ, ಪೂರ್ವ ದಿಲ್ಲಿಯವರಿಗೆ ದಿಲ್ಶಾದ್ ಗಾರ್ಡನ್ನಿನ ಇಹ್ಬಾಸ್ ಆಸ್ಪತ್ರೆ ಇದೆ. ಮಗುವಿಗೆ ಜ್ವರ ಬಂದರೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಡಾಕ್ಟರ ಹೆಸರು ಕೇಳುವ ನಾವು ಇದನ್ನು ಮಾತ್ರ ಅಜ್ಜ ಅಜ್ಜಿಯಿಂದಲೂ ಮುಚ್ಚಿಡುತ್ತೇವೆ.

ಶಾಲೆಯ ಭಯ, ಹೊರಗಿನ ಭಯ, ಒಂದು ಪ್ರಯೋಗ, ಮನೆಯ ಪಾಲು, ಇಷ್ಟು ಮಾತಾಯಿತು. ಕೊನೆಗೆ ಶಿಕ್ಷಕ ಮಿತ್ರರಿಗೆ ಒಂದು ಸಣ್ಣ ಕೆಲಸ ಹೇಳಿ ಮುಗಿಸುತ್ತೇನೆ. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ.

ದಿಲ್ಲಿಯಲ್ಲಿ ಹೊಸ ಶಾಲಾ ವರ್ಷ ಏಪ್ರಿಲ್ ಒಂದಕ್ಕೆ ಶುರು. ಪಾಲಿಕೆ ಶಾಲೆಯಲ್ಲಿ ಐದನೇ ತರಗತಿ ಮುಗಿಸಿದ ಮಗು ಆರಕ್ಕೆ ಸರ್ಕಾರಿ ಶಾಲೆಗೆ ಹೋಗಬೇಕು. ಹಳೆಯ ಶಾಲೆಯಲ್ಲಿ ಅದೇ ಎಲ್ಲರಿಗಿಂತ ದೊಡ್ಡದು. ಹೊಸ ಶಾಲೆಯಲ್ಲಿ ಹನ್ನೆರಡನೇ ತರಗತಿಯವರ ಮಧ್ಯೆ ಎಲ್ಲರಿಗಿಂತ ಚಿಕ್ಕದು. ಐದು ವರ್ಷ ಒಬ್ಬಿಬ್ಬರೇ ಟೀಚರ್ ಇದ್ದರು. ಈಗ ವಿಷಯಕ್ಕೊಬ್ಬರು. ಎಷ್ಟೋ ಕಟ್ಟಡಗಳಲ್ಲಿ ಬೆಳಿಗ್ಗೆ ಹುಡುಗಿಯರ ಶಾಲೆ, ಮಧ್ಯಾಹ್ನ ಹುಡುಗರ ಶಾಲೆ. ಅಣ್ಣ ತಂಗಿ ಜೊತೆಯಾಗಿ ನಡೆದು ಹೋಗುತ್ತಿದ್ದ ದಾರಿಯೂ ಬೇರೆಯಾಗುತ್ತದೆ. ಈ ಮಗುವಿನ ಜೊತೆ ಹೊಸ ಶಾಲೆಗೆ ಹೋಗುವ ಕಾಗದಗಳಲ್ಲಿ ಹುಟ್ಟಿದ ದಿನ, ಆಧಾರ್, ಬ್ಯಾಂಕ್ ಖಾತೆ ಎಲ್ಲ ಇರುತ್ತದೆ. ಮಗು ಎಂಥದು ಎಂದು ಒಂದು ಸಾಲೂ ಇರುವುದಿಲ್ಲ.

ಐದನೇ ತರಗತಿಯ ಟೀಚರ್ ಆ ಸಾಲು ಬರೆಯಬಹುದು. ಮಗುವಿಗೊಂದು ಚೀಟಿ, ಎರಡೋ ಮೂರೋ ವಾಕ್ಯ. ಇವನಿಗೆ ಎಡಗಿವಿ ಸ್ವಲ್ಪ ಮಂದ, ಮುಂದೆ ಕೂರಿಸಿ. ಇವಳ ಅಮ್ಮ ಕಳೆದ ವರ್ಷ ತೀರಿಕೊಂಡರು, ತಾಯಂದಿರ ಸಭೆಗೆ ಚಿಕ್ಕಮ್ಮ ಬರುತ್ತಾರೆ. ಇವನು ಗಟ್ಟಿ ದನಿಗೆ ಹೆದರುತ್ತಾನೆ, ಆದರೆ ಚಿತ್ರ ಬರೆಯಲು ಕೊಟ್ಟರೆ ಮಾತಾಡುತ್ತಾನೆ. ಇವಳನ್ನು ಅವಳ ಗೆಳತಿಯ ಸೆಕ್ಷನ್ನಿನಲ್ಲೇ ಇಡಿ. ಚೀಟಿಯನ್ನು ಮಡಚಿ ಹೊಸ ಶಾಲೆಯ ಕ್ಲಾಸ್ ಟೀಚರ್ ಹೆಸರಿಗೆ ಕಳಿಸಿ. ಪರೀಕ್ಷೆಯ ಕಾಗದಗಳ ಗಡಿಬಿಡಿ ಮುಗಿದ ಮೇಲೆ ಮಾರ್ಚ್ ಕೊನೆಯಲ್ಲಿ ಒಂದು ಮಧ್ಯಾಹ್ನ ಕೂತರೆ ಮೂವತ್ತು ಚೀಟಿ ಆಗುತ್ತವೆ.